ದ್ವಿತೀಯಾ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಅಮರಕೋಶವು ಅರ್ಥ ತಿಳಿಯುವುದಕ್ಕೆ ಮೊದಲೇ ಬಾಯಿಗೆ ಬರುತ್ತದೆ. ನಸುಕಿನಲ್ಲಿ ಎದ್ದು, ತಣ್ಣೀರಲ್ಲಿ ಮಿಂದು, ಕಂದೀಲಿನ ಬೆಳಕಿನಲ್ಲಿ ಸಾಲಾಗಿ ಕುಳಿತು ಹೇಳಿಕೊಂಡ ಆ ಶಬ್ದಗಳು ಐವತ್ತು ವರ್ಷಗಳ ಮೇಲೂ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ, ತಪ್ಪದೆ ಬರುವವು. ಆದರೆ ಅವುಗಳ ಅರ್ಥವು ಮಾತ್ರ ತನಗೆ ಬೇಕಾದ ಕಾಲದಲ್ಲಿ, ಅನೇಕ ವೇಳೆ ಬಹಳ ತಡವಾಗಿ, ಮನಸ್ಸಿಗೆ ಇಳಿಯುವುದು. ನನಗೆ ಹಾಗೆ ತಡವಾಗಿ ಇಳಿದ ಒಂದು ಶಬ್ದದ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಮನೆಯ ಮಾತು ಸ್ವಲ್ಪ ಬರುವುದು, ವಾಚಕರು ಕ್ಷಮಿಸಬೇಕು.

ದ್ವಿತೀಯ ಕಾಂಡದ ಮನುಷ್ಯವರ್ಗದಲ್ಲಿ ಪತ್ನಿ ಎಂಬುದಕ್ಕೆ ಕೋಶಕಾರನು ಹೇಳಿರುವ ಪರ್ಯಾಯಪದಗಳೊಳಗೆ 'ದ್ವಿತೀಯಾ' ಎಂಬುದೂ ಒಂದು. ನಾನು ಹನ್ನೊಂದು ವರ್ಷದವನಿದ್ದಾಗ ಆ ಪದವನ್ನು ಹೇಳುತ್ತ ಹೇಳುತ್ತ ಥಟ್ಟನೆ ನಿಂತು, "ಗುರುಗಳೇ, ಎರಡನೆಯ ಹೆಂಡತಿಗೆ ದ್ವಿತೀಯಾ ಎಂದಾದರೆ ಮೊದಲನೆಯವಳಿಗೆ ಪ್ರಥಮಾ ಎಂಬ ಶಬ್ದ ಏಕಿಲ್ಲ?" ಎಂದು ಕೇಳಿದೆನು. ಸಹಪಾಠಿಗಳು ಗೊಳ್ಳೆಂದು ನಕ್ಕರು. ಗುರುಗಳು ನಗಲಿಲ್ಲ. "ಎಣಿಕೆ ಹೆಂಗಸರೊಳಗಿನದಲ್ಲಪ್ಪಾ. ಗಂಡಸು ಒಬ್ಬನೇ ಇದ್ದರೆ ಒಂದು. ಆಕೆ ಬಂದು ಜೊತೆಗೆ ನಿಂತರೆ ಎರಡು. ಯಾರ ಹೆಂಡತಿಯಾದರೂ ದ್ವಿತೀಯೆಯೇ" ಎಂದರು. ಆ ಉತ್ತರವು ನನಗೆ ಆಗ ಸಮಾಧಾನವನ್ನು ಕೊಡಲಿಲ್ಲ. ಏಕೆಂದರೆ ನಾನು ಕೇಳಿದ ಪ್ರಶ್ನೆ ವ್ಯಾಕರಣದ್ದಾಗಿರಲಿಲ್ಲ, ನನ್ನ ತಾಯಿಯದಾಗಿತ್ತು.

ನನ್ನ ತಾಯಿ ನನ್ನ ತಂದೆಗೆ ಎರಡನೆಯ ಹೆಂಡತಿ. ಮೊದಲ ಅವ್ವ ತೀರಿಕೊಂಡು ವರುಷ ತುಂಬುವುದರೊಳಗೆ, ನಾಲ್ವತ್ತೆರಡು ವಯಸ್ಸಿನ ನನ್ನ ತಂದೆಯು ಹದಿನೆಂಟು ವಯಸ್ಸಿನ ನನ್ನ ತಾಯಿಯನ್ನು ಕೈಹಿಡಿದನು. ಮನೆಯಲ್ಲಿ ಆಗಲೇ ಆಕೆಯ ಓರಗೆಯ ಮಗನಿದ್ದನು. ನನ್ನ ಆ ಅಣ್ಣನು ಆಕೆಯನ್ನು 'ಚಿಕ್ಕವ್ವ' ಎನ್ನುವನು. ಆಕೆ ಅವನನ್ನು 'ಅಪ್ಪಾ' ಎಂದು ಕರೆಯುವಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಮಾತನಾಡುವರು. ತಾಯಿಯ ಕೊರಳಲ್ಲಿ ತಾಳಿಯ ಪಕ್ಕದಲ್ಲಿ ಸತ್ತವಳ ಹೆಸರಿನ ಬೆಳ್ಳಿಯ ಚಿಕ್ಕ ಬಿಲ್ಲೆಯೊಂದು ಇತ್ತು. ಹೊಸ ಸೀರೆ ತಂದರೆ ಅದನ್ನು ಮೊದಲು ಆ ಬಿಲ್ಲೆಗೆ ಮುಟ್ಟಿಸಿ, ಅರಿಷಿಣ ಕುಂಕುಮವನ್ನಿಟ್ಟು, ಆಮೇಲೆ ತಾನು ಉಡುವಳು. ಹಬ್ಬದಲ್ಲಿ ಮೊದಲ ಎಡೆ ಅದಕ್ಕೆ. ಹೀಗೆ ನಲವತ್ತು ವರುಷ ನಡೆಯಿತು. "ನಿನಗೆ ಬೇಸರವಾಗುವುದಿಲ್ಲವೇ?" ಎಂದು ಒಮ್ಮೆ ಕೇಳಿದ್ದಕ್ಕೆ, "ಬ್ಯಾಸರ ಯಾಕ? ಆಕಿ ಮನಿ ಇದು. ನಾ ಬಂದು ಇದ್ದೀನಿ" ಎಂದಳು. ಆ ಮಾತಿನಲ್ಲಿ ವಿನಯ ಎಷ್ಟು, ನೋವು ಎಷ್ಟು ಎಂಬುದನ್ನು ನಾನು ಇಂದಿಗೂ ಬೇರ್ಪಡಿಸಲಾರೆ.

ಮುಂದೆ ನಾನು ಸಿಂಧನೂರು ಸೀಮೆಯಲ್ಲಿ ಮಾಸ್ತರನಾದೆನು. ಎಡದಂಡೆಯ ಕಾಲುವೆಯ ನೀರು ಬಂದು ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದ ಸೀಮೆ ಅದು. ಕೆಲವು ಕಾಲ ಪುನರ್ವಸತಿ ಕ್ಯಾಂಪುಗಳ ವಂಗೀಯ ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಿದೆನು. ವರ್ಷಕ್ಕೊಮ್ಮೆ ದೊಡ್ಡ ತರಗತಿಯ ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನವನ್ನು ತೋರಿಸುವುದು ನನ್ನ ರೂಢಿ. 1837ರಲ್ಲಿ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೂ ಬಂಡೆಗಳಲ್ಲಿ ದೊರೆಯ ಬಿರುದುಗಳಾದ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬಿವೇ ಕಾಣುತ್ತಿದ್ದವು. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯ ಗುಡ್ಡದ ಬಂಡೆಯಲ್ಲಿ ಕಂಡ ಬರಹದಲ್ಲಿ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೇ ಇದ್ದಿತು. ಅದೇ ಹೆಸರು ಮುಂದೆ ಗುಜರ್ರಾ, ನಿಟ್ಟೂರು, ಉಡೆಗೋಳಗಳಲ್ಲಿಯೂ ದೊರೆತರೂ ಮೊದಲಿನ ಹಿರಿಮೆ ನಮ್ಮ ಮಸ್ಕಿಯದು. "ಮಕ್ಕಳೇ, ಬಿರುದಿನ ಹಿಂದೆ ಹೆಸರು ಅಡಗಿರುತ್ತದೆ, ಅದನ್ನು ಹುಡುಕಬೇಕು" ಎಂದು ನಾನು ಪ್ರತಿವರ್ಷವೂ ಹೇಳುವೆನು.

ಇಷ್ಟು ಹೇಳುತ್ತಿದ್ದವನು ಅದೇ ಅರಸನ ಇನ್ನೊಂದು ಶಾಸನದ ವಿಷಯವನ್ನು ಮಕ್ಕಳಿಗೆ ಹೇಳಿದ್ದು ಕಡಿಮೆ. ಅದು ಅಲಾಹಾಬಾದಿನ ಕಂಬದ ಮೇಲಿರುವುದು. ಎರಡನೆಯ ರಾಣಿಯು ಕೊಟ್ಟ ದಾನವು—ಮಾವಿನ ತೋಪಾಗಲಿ, ಉದ್ಯಾನವಾಗಲಿ, ಛತ್ರವಾಗಲಿ—ಆಕೆಯ ಹೆಸರಿನಲ್ಲಿಯೇ ಎಣಿಕೆಯಾಗಬೇಕೆಂದು ದೊರೆಯು ಮಹಾಮಾತ್ರರಿಗೆ ಆಜ್ಞಾಪಿಸಿದ್ದಾನೆ. ತೀವರನ ತಾಯಿಯಾದ ಕಾರುವಾಕಿ ಎಂದು ಹೆಸರನ್ನೂ ಕೊರೆಯಿಸಿದ್ದಾನೆ. ಅಶೋಕನ ಶಾಸನಗಳಲ್ಲಿ ಹೆಸರು ಪಡೆದ ರಾಣಿ ಈಕೆಯೊಬ್ಬಳೇ. ಮೊದಲ ರಾಣಿಗೆ ಅಲ್ಲಿ ಹೆಸರಿಲ್ಲ, ಎರಡನೆಯವಳಿಗೆ ಇದೆ. ಲೋಕವು ಎರಡನೆಯವಳೆಂದು ಕರೆಯುವವಳ ದಾನವನ್ನು ಬೇರೆಯವರ ಲೆಕ್ಕಕ್ಕೆ ಬರೆದುಬಿಡುವುದೆಂಬ ಅಂಜಿಕೆ ಆ ಕಾಲಕ್ಕೂ ಇದ್ದಿರಬೇಕು. ಇಲ್ಲವಾದರೆ ಕಲ್ಲಿನ ಮೇಲೆ ಬರೆಯಿಸುವ ಅಗತ್ಯವೇನು?

ಇನ್ನು ನನ್ನ ಮಗಳ ಸಂಗತಿ. 2018ರಲ್ಲಿ ನನ್ನ ಅಳಿಯನು ಹತ್ತು ದಿನಗಳ ಜ್ವರದಲ್ಲಿ ತೀರಿಕೊಂಡನು. ಮಗಳಿಗೆ ಆಗ ಇಪ್ಪತ್ತೆಂಟು, ಮೊಮ್ಮಗನಿಗೆ ನಾಲ್ಕು. ಮಗಳು ಮಗುವನ್ನು ಕರೆದುಕೊಂಡು ಸಿಂಧನೂರಿಗೆ ಬಂದಳು; ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದಳು. ನಾಲ್ಕು ವರ್ಷಗಳು ಕಳೆದವು. ಆಗ ಲಿಂಗಸುಗೂರಿನಿಂದ ಒಂದು ಮಾತು ಬಂದಿತು. ವರನು ಉಪಾಧ್ಯಾಯ, ಹೆಂಡತಿಯನ್ನು ಕಳೆದುಕೊಂಡವನು, ಆರು ವರ್ಷದ ಮಗಳಿರುವವನು. ಮಾತು ತಂದವರು ಸಭ್ಯರು. ಆದರೂ ಅವರು ಹೋದ ಮೇಲೆ ನಾನು ಮೂರು ದಿನ ಆ ವಿಷಯವನ್ನು ಎತ್ತಲಿಲ್ಲ. ನಮ್ಮ ಮನೆತನದಲ್ಲಿ ಗಂಡ ಸತ್ತ ಹೆಣ್ಣುಮಗಳಿಗೆ ಮತ್ತೆ ಮದುವೆಯಾದುದಿಲ್ಲ. ಕಾನೂನು ಬಿಡುವುದು, ಲೋಕ ಬದಲಾಗಿದೆ, ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಜಗಲಿಯ ಮೇಲೆ ಕುಳಿತ ನೆರೆಯವರ ಎದುರಿಗೆ ಹೇಳುವುದು ಬೇರೆ.

ನಾನು ಮಾಡಿದ ಕೆಲಸವನ್ನು ಮುಚ್ಚಿಡಲಾರೆ. ಮೂರನೆಯ ರಾತ್ರಿ ಪುಸ್ತಕದ ಪೆಟ್ಟಿಗೆಯನ್ನು ತೆರೆದು ಕುಳಿತೆನು. ಮರಳಿ ಮದುವೆಯಾದವಳಿಗೆ ಅಮರನು 'ಪುನರ್ಭೂ' ಎಂಬ ಹೆಸರನ್ನು ಕೊಟ್ಟಿದ್ದಾನೆ. ಪರಾಶರ ಸ್ಮೃತಿಯು ಗಂಡನು ಕಾಣೆಯಾದಾಗ, ಸತ್ತಾಗ, ಸಂನ್ಯಾಸಿಯಾದಾಗ ಹೆಣ್ಣಿಗೆ ಇನ್ನೊಬ್ಬ ಪತಿಯುಂಟೆಂದು ಹೇಳುತ್ತದೆ. ಅದರ ಮೇಲೆ ವಿಜಯನಗರದ ಕಾಲದ ಮಾಧವಾಚಾರ್ಯರು ವ್ಯಾಖ್ಯಾನ ಬರೆದು, ಅದು ಬೇರೆ ಯುಗದ ಮಾತೆಂದು ತೀರ್ಮಾನಿಸಿದರು. ಪರಾಶರನು ಕಲಿಯುಗಕ್ಕಾಗಿಯೇ ಧರ್ಮ ಹೇಳಹೊರಟವನಲ್ಲವೇ ಎಂದು ಈಶ್ವರಚಂದ್ರ ವಿದ್ಯಾಸಾಗರರು ತಿರುಗಿ ಕೇಳಿದರು. 1856ರಲ್ಲಿ ವಿಧವಾ ವಿವಾಹದ ಕಾಯಿದೆ ಆಯಿತು. 1870ರಲ್ಲಿ ವಿದ್ಯಾಸಾಗರರ ಮಗನೇ ವಿಧವೆಯೊಬ್ಬಳನ್ನು ಮದುವೆಯಾದನು. ಕನ್ನಡದಲ್ಲಿಯೂ ಗುಲ್ವಾಡಿ ವೆಂಕಟರಾಯರು 1899ರಲ್ಲಿಯೇ 'ಇಂದಿರಾಬಾಯಿ'ಯನ್ನು ಬರೆದು ಆ ಪಕ್ಷವನ್ನು ಹಿಡಿದರು. ಇವೆಲ್ಲವನ್ನೂ ನಾನು ಓದಿದವನೇ, ಕೆಲವನ್ನು ಪಾಠ ಹೇಳಿದವನೇ. ಆ ರಾತ್ರಿ ನಾನು ಹುಡುಕುತ್ತಿದ್ದುದು ಅನುಮತಿಯನ್ನೋ ನೆಪವನ್ನೋ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ನನ್ನ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. "ಏನ್ರೀ, ಪುಸ್ತಕದಾಗ ಹುಡುಕ್ಲಿಕ್ಕೆ ಹತ್ತೀರಿ? ಮಾವನವರು ಎರಡನೇ ಲಗ್ನ ಮಾಡಿಕೊಂಡಾಗ ಯಾವ ಪುಸ್ತಕ ತೆಗೆದು ನೋಡಿದ್ರಂತ?" ಎಂದರು. ಇಷ್ಟು ಹೇಳಿ ದೀಪ ಆರಿಸಿ ಹೊರಟುಹೋದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅದಾದ ವಾರದಲ್ಲಿಯೇ ಕಣ್ಣಿನ ಪೊರೆಯ ಚಿಕಿತ್ಸೆಗಾಗಿ ನಾನು ಬೆಂಗಳೂರಿಗೆ ಹೋಗಬೇಕಾಯಿತು. ಪೊರೆ ತೆಗೆದ ಮೇಲೆ ಕೆಲವು ದಿನ ತಂಗಿಯ ಮಗನ ಮನೆಯಲ್ಲಿದ್ದೆನು. ಹೊಸ ಕಣ್ಣು ಬಂದವನಿಗೆ ಬಣ್ಣವನ್ನು ತೋರಿಸಬೇಕೆಂದು ಅವನು ಒಂದು ಮಧ್ಯಾಹ್ನ ನನ್ನನ್ನು ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೋದನು. ಅಲ್ಲಿ ರೋರಿಕರ ಚಿತ್ರಗಳಿಗೆಂದು ಬೇರೆಯಾದ ಕೋಣೆಗಳಿವೆ. ತಂದೆ ನಿಕೊಲಾಯ್ ರೋರಿಕರು ಹಿಮಾಲಯವನ್ನು ಬರೆದವರು. ಮಗ ಸ್ವೇತೊಸ್ಲಾವ್ ರೋರಿಕರು ಬೆಟ್ಟಗಳನ್ನೂ ಮನುಷ್ಯರನ್ನೂ ಬರೆದವರು. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ನೆಹರೂರವರ ಭಾವಚಿತ್ರವಿದೆಯಷ್ಟೆ. ಅದು ಸ್ವೇತೊಸ್ಲಾವರ ಕೈಯದು. ನೀಲಿ, ಕೇಸರಿ, ನೇರಿಳೆ ಬಣ್ಣಗಳ ಆ ಬೆಟ್ಟಗಳ ಮುಂದೆ ನಾನು ಬಹಳ ಹೊತ್ತು ನಿಂತೆನು. ಚಿತ್ರಕಲೆಯನ್ನು ಬಲ್ಲವನು ನಾನಲ್ಲ. ನನ್ನ ಮನಸ್ಸು ಹೋದುದು ಚಿತ್ರಕಾರನ ಮನೆಯೊಡತಿಯ ಕಡೆಗೆ. ಆಕೆ ದೇವಿಕಾ ರಾಣಿ.

ನನ್ನ ಸೋದರಮಾವನು ಹೈದರಾಬಾದಿನಲ್ಲಿ 'ಅಛೂತ್ ಕನ್ಯಾ' ನೋಡಿ ಬಂದು ಜೀವಮಾನವೆಲ್ಲ ಅದನ್ನು ವರ್ಣಿಸುತ್ತಿದ್ದನು. ನಮ್ಮ ಮನೆಯ ಹೆಂಗಸರಿಗೆ ಆಕೆ ಬರಿಯ 'ಸಿನೆಮಾದಾಕಿ'. ಮರಳಿ ಬಂದ ಮೇಲೆ ತಂಗಿಯ ಮಗನು ತಂದುಕೊಟ್ಟ ಪುಸ್ತಕಗಳಿಂದ ಆಕೆಯ ಸಂಸಾರದ ಕಥೆಯನ್ನು ಓದಿದೆನು.

ದೇವಿಕಾ ರಾಣಿ ಹುಟ್ಟಿದುದು 1908ರ ಮಾರ್ಚ್ 30ರಂದು, ವಾಲ್ಟೇರಿನಲ್ಲಿ. ವಂಗೀಯ ಮನೆತನ, ತಂದೆ ವೈದ್ಯಾಧಿಕಾರಿ, ಠಾಕೂರರ ವಂಶದೊಡನೆ ನಂಟು. ಎಳೆಯ ವಯಸ್ಸಿನಲ್ಲಿಯೇ ಆಕೆಯನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಆಕೆ ನಾಟ್ಯವನ್ನೂ ಬಟ್ಟೆಗಳ ಮೇಲಿನ ವಿನ್ಯಾಸವನ್ನೂ ಕಲಿತಳು. ಲಂಡನ್ನಿನಲ್ಲಿ ಹಿಮಾಂಶು ರಾಯರ ಪರಿಚಯವಾಯಿತು. 1929ರಲ್ಲಿ ಮದುವೆಯಾಯಿತು. ರಾಯರಿಗೆ ಜರ್ಮನಿಯಲ್ಲಿ ಮೊದಲೇ ಹೆಂಡತಿಯಿದ್ದಳು, ಮಗಳಿದ್ದಳು. ಎಂದರೆ ದೇವಿಕಾ ರಾಣಿ ತನ್ನ ಮೊದಲನೆಯ ಮದುವೆಯಲ್ಲಿ ಎರಡನೆಯ ಹೆಂಡತಿ. ಗಂಡಹೆಂಡಿರು ಬರ್ಲಿನ್ನಿನಲ್ಲಿ ಸಿನೆಮಾದ ಕೆಲಸ ಕಲಿತರು. 1933ರಲ್ಲಿ 'ಕರ್ಮ' ತೆರೆಗೆ ಬಂದಿತು. 1934ರಲ್ಲಿ ಮುಂಬಯಿಯ ಮಲಾಡಿನಲ್ಲಿ 'ಬಾಂಬೆ ಟಾಕೀಜ್' ನೆಲೆಗೊಂಡಿತು. 1936ರಲ್ಲಿ ಅಶೋಕ ಕುಮಾರನೊಡನೆ ನಟಿಸಿದ 'ಅಛೂತ್ ಕನ್ಯಾ' ದೇಶದಲ್ಲೆಲ್ಲ ಹೆಸರಾಯಿತು. ಆ ದಾಂಪತ್ಯವು ಹೊರಗೆ ಕಂಡಷ್ಟು ನುಣುಪಾಗಿರಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಕೆಲಸವೇ ಅವರಿಬ್ಬರ ಸಂಸಾರವಾಗಿದ್ದಿತು. 1940ರ ಮೇ ತಿಂಗಳಲ್ಲಿ ರಾಯರು ಕಾಲವಾದರು.

ಮೂವತ್ತೆರಡು ವರ್ಷದ ವಿಧವೆಯೊಬ್ಬಳು ಒಂದು ಉದ್ಯಮದ ಚುಕ್ಕಾಣಿ ಹಿಡಿದಳು. ನೂರಾರು ಜನರ ಅನ್ನವು ಆಕೆಯ ಕೈಯಲ್ಲಿತ್ತು. ಒಳಗೆ ಪಕ್ಷಗಳಾದವು, 1943ರಲ್ಲಿ ಶಶಧರ ಮುಖರ್ಜಿ, ಅಶೋಕ ಕುಮಾರ ಮೊದಲಾದವರು ಬಿಟ್ಟುಹೋಗಿ ಫಿಲ್ಮಿಸ್ತಾನವನ್ನು ಕಟ್ಟಿದರು. ಯೂಸುಫ್ ಖಾನ್ ಎಂಬ ತರುಣನನ್ನು ದಿಲೀಪ್ ಕುಮಾರ್ ಎಂಬ ಹೆಸರಿಟ್ಟು 1944ರ 'ಜ್ವಾರ್ ಭಾಟಾ'ದಲ್ಲಿ ತೆರೆಗೆ ತಂದವಳು ಈಕೆಯೇ. ಮರುವರ್ಷ ಎಲ್ಲವನ್ನೂ ಬಿಟ್ಟಳು. 1945ರಲ್ಲಿ ಸ್ವೇತೊಸ್ಲಾವ್ ರೋರಿಕರನ್ನು ಮದುವೆಯಾದಳು. ಆಕೆಗೆ ಮೂವತ್ತೇಳು, ಅವರಿಗೆ ನಾಲ್ವತ್ತು.

ಇಲ್ಲಿಂದ ಮುಂದಿನ ನಾಲ್ವತ್ತೆಂಟು ವರ್ಷಗಳ ಸಂಸಾರವನ್ನು ಕುರಿತೇ ನಾನು ಹೆಚ್ಚಾಗಿ ಯೋಚಿಸಿದುದು. ಮದುವೆಯಾದ ಮೇಲೆ ಆಕೆ ಕುಲೂ ಕಣಿವೆಯ ನಗ್ಗರಕ್ಕೆ, ಅತ್ತೆ ಮಾವಂದಿರು ಇದ್ದ ಮನೆಗೆ ಹೋದಳು. ಮಲಾಡಿನ ಸ್ಟುಡಿಯೋದಲ್ಲಿ ಆಜ್ಞೆ ಮಾಡುತ್ತಿದ್ದವಳು ಹಿಮಾಲಯದ ಮಗ್ಗುಲಲ್ಲಿ ಸೊಸೆಯಾದಳು. ಮಾವ ನಿಕೊಲಾಯರು 1947ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅತ್ತೆಯು ಹಿರಿಯ ಮಗನೊಡನೆ ಕಾಲಿಂಪಾಂಗಿಗೆ ಹೊರಟರು. ಕಿರಿಯ ದಂಪತಿಗಳು ಬೆಂಗಳೂರಿಗೆ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. 468 ಎಕರೆಗಳ ತೋಟ. ಅದರಲ್ಲಿ ಲಿನಾಲೋ ಎಂಬ ಮೆಕ್ಸಿಕೋ ಮೂಲದ ಸುಗಂಧದ ಮರಗಳನ್ನು ಬೆಳೆಯಿಸಿ ಅತ್ತರಿಗೆ ಬೇಕಾಗುವ ಎಣ್ಣೆಯನ್ನು ತೆಗೆಯಿಸುತ್ತಿದ್ದರು. ಗಂಡನು ಚಿತ್ರ ಬರೆಯುವನು. ಹೆಂಡತಿಯ ಮುಖವನ್ನೂ ಹಲವು ಸಲ ಬರೆದನು. ಹೆಂಡತಿಯು ತೆರೆಗೆ ಮರಳಲಿಲ್ಲ. ಮಕ್ಕಳಾಗಲಿಲ್ಲ. ಆಕೆಗೆ 1958ರಲ್ಲಿ ಪದ್ಮಶ್ರೀ, 1969ನೆಯ ಸಾಲಿನ ಪ್ರಪ್ರಥಮ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ. ಅವರಿಗೆ 1961ರಲ್ಲಿ ಪದ್ಮಭೂಷಣ. ಆಕೆ ತನ್ನ ಹೆಸರನ್ನು ಬಿಡಲಿಲ್ಲ. ಗಂಡನ ಹೆಸರನ್ನೂ ಅದರ ಪಕ್ಕದಲ್ಲಿ ಇರಿಸಿಕೊಂಡು ದೇವಿಕಾ ರಾಣಿ ರೋರಿಕ್ ಆದಳು.

ಕೊನೆಗಾಲದಲ್ಲಿ ತೋಟವನ್ನು ಬಿಟ್ಟು ಬೆಂಗಳೂರಿನ ಅಶೋಕ ಹೋಟೆಲಿನಲ್ಲಿ ವಾಸಮಾಡಿದರು. ಆ ಹೋಟೆಲು ಚಿತ್ರಕಲಾ ಪರಿಷತ್ತಿಗೆ ಬಲು ಸಮೀಪ. 1993ರ ಜನವರಿ 30ರಂದು ಅವರು, 1994ರ ಮಾರ್ಚ್ 9ರಂದು ಆಕೆ ತೀರಿಕೊಂಡರು. ತಾತಗುಣಿಯಲ್ಲಿ ಇಬ್ಬರ ಸಮಾಧಿಗಳೂ ಇವೆ. ಬೆನ್ನಿಗೇ ಆಸ್ತಿಯ ವ್ಯಾಜ್ಯ ನಡೆಯಿತು. ತೋಟವನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರವು 1996ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಕಾಯಿದೆಯ ಹೆಸರಿನಲ್ಲಿಯೂ ರೋರಿಕರ ಹೆಸರಿನ ಜೊತೆಗೆ ದೇವಿಕಾ ರಾಣಿಯ ಹೆಸರಿದೆ.

ಆ ಪುಸ್ತಕಗಳ ನಡುವೆಯೇ ಚಿತ್ರಕಾರನ ಎರಡನೆಯ ಹೆಂಡತಿಯೆಂದು ಯೂರೋಪಿನಲ್ಲಿ ಪ್ರಸಿದ್ಧಳಾದ ಇನ್ನೊಬ್ಬಳ ಪರಿಚಯವಾಯಿತು. ಆಂಟ್ವರ್ಪಿನ ಪೀಟರ್ ಪಾಲ್ ರೂಬೆನ್ಸನ ಮೊದಲ ಮಡದಿ ಇಸಬೆಲ್ಲಾ ಬ್ರಾಂಟ್ 1626ರಲ್ಲಿ ತೀರಿಕೊಂಡಳು. 1630ರ ಡಿಸೆಂಬರಿನಲ್ಲಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ಅವನು ರೇಷ್ಮೆಯ ವ್ಯಾಪಾರಿಯ ಮಗಳಾದ ಹದಿನಾರರ ಹೆಲೆನಾ ಫೂರ್ಮೆಂಟಳನ್ನು ಮದುವೆಯಾದನು. ದೊಡ್ಡ ಮನೆತನದ ಹೆಣ್ಣು ತಂದರೆ ತಾನು ಕುಂಚ ಹಿಡಿದುದನ್ನು ಕಂಡು ನಾಚಿಕೊಂಡಾಳೆಂದು ತನ್ನ ಅಂತಸ್ತಿನ ಮನೆಯ ಹೆಣ್ಣನ್ನೇ ಆರಿಸಿಕೊಂಡೆನೆಂದು ಸ್ನೇಹಿತನಿಗೆ ಕಾಗದ ಬರೆದನು. ಅವನ ಹಿರಿಯ ಮಗ ಆಲ್ಬರ್ಟನು ಹುಟ್ಟಿದುದು 1614ರಲ್ಲಿ. ಮಲತಾಯಿ ಹೆಲೆನಾ ಹುಟ್ಟಿದುದೂ 1614ರಲ್ಲಿ! ಇದನ್ನು ಓದಿದಾಗ ನನಗೆ ನಮ್ಮ ಪಡಸಾಲೆಯಲ್ಲಿ ಮುಖ ತಪ್ಪಿಸಿ ಮಾತನಾಡುತ್ತಿದ್ದ ನನ್ನ ತಾಯಿಯೂ ಅಣ್ಣನೂ ಕಣ್ಣಮುಂದೆ ಬಂದರು. ಸಮುದ್ರದಾಚೆಯ ಆ ಮನೆಗೂ ನಮ್ಮ ಮಣ್ಣಿನ ಮಾಳಿಗೆಯ ಮನೆಗೂ ನಡುವೆ ಗೋಡೆಯೇ ಇಲ್ಲವೆನಿಸಿತು.

ಹೆಲೆನೆಯು ಅವನ ಎಷ್ಟೋ ಚಿತ್ರಗಳಲ್ಲಿ ದೇವತೆಯಾಗಿ, ಸಂತಳಾಗಿ, ತಾಯಿಯಾಗಿ ನಿಂತಿದ್ದಾಳೆ. ತುಪ್ಪಳದ ಹೊದಿಕೆಯಲ್ಲಿ ಆಕೆ ನಿಂತಿರುವ ಒಂದು ಚಿತ್ರವನ್ನು ಮಾರಬಾರದು, ಅದು ಆಕೆಗೇ ಸೇರಬೇಕೆಂದು ಅವನು ಮರಣಪತ್ರದಲ್ಲಿ ಬರೆಯಿಸಿದನು. ಅದು ಈಗ ವಿಯೆನ್ನಾದಲ್ಲಿದೆ. 1640ರ ಮೇ 30ರಂದು ರೂಬೆನ್ಸನು ಸತ್ತಾಗ ಹೆಲೆನೆಗೆ ಇಪ್ಪತ್ತಾರು. ಐದನೆಯ ಮಗು ಹುಟ್ಟಿದುದು ತಂದೆ ಸತ್ತು ಎಂಟು ತಿಂಗಳ ಮೇಲೆ. ಆಕೆ ಕೆಲವು ವರ್ಷಗಳ ನಂತರ ಮತ್ತೆ ಮದುವೆಯಾದಳು, ಮತ್ತೆ ಮಕ್ಕಳನ್ನು ಹೆತ್ತಳು, 1673ರವರೆಗೆ ಬಾಳಿದಳು. ಲೋಕಕ್ಕೆ ಆಕೆ ಹತ್ತು ವರ್ಷಗಳ ಚಿತ್ರಗಳಲ್ಲಿ ಮಾತ್ರ ಇದ್ದಾಳೆ. ಆ ಮೇಲಿನ ಮೂವತ್ತಮೂರು ವರ್ಷಗಳು ಚಿತ್ರವಿಲ್ಲದ ವರ್ಷಗಳು. ಆದರೆ ಆಕೆಗೆ ಅವೂ ಬದುಕೇ ಅಲ್ಲವೇ?

ಬೆಂಗಳೂರಿನಿಂದ ಹಿಂದಿರುಗುವಾಗ ರಾತ್ರಿಯೆಲ್ಲ ಬಸ್ಸಿನಲ್ಲಿ ಎಚ್ಚರವಾಗಿದ್ದೆನು. ನನ್ನ ಮಗಳನ್ನು ನಾನು ಒಂದು ಚಿತ್ರದಲ್ಲಿ ನಿಲ್ಲಿಸಿಬಿಟ್ಟಿದ್ದೇನೆಂದು ಆಗ ತೋರಿತು. ಆಕೆ ತನ್ನ ಗಂಡನ ವಿಧವೆ. ಆ ಮಗುವಿನ ತಾಯಿ. ನನ್ನ ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಪಾಠದ ಟಿಪ್ಪಣಿ ಬರೆಯುವವಳು. ಮೂವತ್ತೆರಡನೆಯ ವಯಸ್ಸಿನಲ್ಲಿ ದೇವಿಕಾ ರಾಣಿಯೂ ಅಲ್ಲಿಯೇ ನಿಂತಿದ್ದಳು, ನಿಂತೇ ಇರಲಿಲ್ಲ. ಸಿನೆಮಾದವರಿಗೂ ಶ್ರೀಮಂತರಿಗೂ ಎಲ್ಲವೂ ಸಲ್ಲುತ್ತದೆ, ನಮ್ಮಂಥವರಿಗೆ ಸಲ್ಲದು ಎಂದು ವಾದಿಸಿಕೊಂಡೆನು. ಆ ವಾದಕ್ಕೆ ಉತ್ತರವಾಗಿ ನನ್ನ ತಾಯಿಯ ಕೊರಳಿನ ಬೆಳ್ಳಿಯ ಬಿಲ್ಲೆ ನೆನಪಾಯಿತು. ಬಡಮನೆಯಲ್ಲಿಯೂ ಗಂಡಸಿಗೆ ಎರಡನೆಯ ಮದುವೆ ಸಂದಿತ್ತು. ಅದರ ಭಾರವನ್ನು ಹೊತ್ತವಳು ಮಾತ್ರ ಹೆಂಗಸು. ಆ ಎರಡನೆಯ ಮದುವೆ ಆಗದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ.

ಮನೆಗೆ ಬಂದವನು ಮೊದಲು ಮಗಳನ್ನೇ ಕೇಳಿದೆನು. ಇಷ್ಟು ದಿನ ಆಕೆಯನ್ನು ಯಾರೂ ಕೇಳಿರಲಿಲ್ಲ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಆ ಮನ್ಯಾಗ ಆಕಿ ಫೋಟೋ ತೆಗೆದುಹಾಕಬಾರದು. ನನ್ನ ಮಗನ ಹೆಸರಿನ ಮುಂದ ಅವರಪ್ಪನ ಹೆಸರೇ ಇರಬೇಕು. ಈ ಎರಡು ಮಾತಿಗೆ ಅವರು ಹೂಂ ಅಂದ್ರೆ ನಾನೂ ಹೂಂ" ಎಂದಳು. ಶಾಸ್ತ್ರ ಹುಡುಕುತ್ತ ನಾನು ಕಳೆದ ರಾತ್ರಿಗಳಲ್ಲಿ ಆಕೆ ಇಷ್ಟನ್ನು ಯೋಚಿಸಿ ಮುಗಿಸಿದ್ದಳು.

ಒಂದು ಭಾನುವಾರ ನಾನೂ ನನ್ನ ಮನೆಯವರೂ ಲಿಂಗಸುಗೂರಿಗೆ ಹೊರಟೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ಗುಡ್ಡವು ಹೊಸ ಕಣ್ಣಿಗೆ ಬಲು ನಿಚ್ಚಳವಾಗಿ ಕಂಡಿತು. ಲಿಂಗಸುಗೂರಿನ ಆ ಮನೆಯ ಪಡಸಾಲೆಯಲ್ಲಿ ಮೊದಲನೆಯವಳ ಫೋಟೋಕ್ಕೆ ಹೊಸ ಹೂವಿನ ಮಾಲೆಯಿತ್ತು. ನಮ್ಮನ್ನು ಕಂಡು ವರನ ತಾಯಿಯು ಗಾಬರಿಯಿಂದ ಅದನ್ನು ಇಳಿಸಲು ಹೋದರು. ನನ್ನ ಮನೆಯವರು ಕೈ ಹಿಡಿದು ತಡೆದು, "ಇರಲಿ ಬಿಡ್ರೀ, ನಮ್ಮ ಹುಡುಗಿ ಹೇಳಿ ಕಳಿಸ್ಯಾಳ" ಎಂದರು. ವರನು ತಲೆ ತಗ್ಗಿಸಿ ಕಣ್ಣೊರೆಸಿಕೊಂಡನು. ಆಗ ನನಗೆ ಮಾತುಕತೆ ಮುಗಿಯಿತೆನಿಸಿತು. ಆರು ವರ್ಷದ ಹುಡುಗಿ ಬಾಗಿಲ ಸಂದಿಯಿಂದ ನಮ್ಮನ್ನು ನೋಡುತ್ತಿದ್ದಳು. ನಾನು ಕರೆದೆನು, ಬರಲಿಲ್ಲ.

ಮದುವೆಯು ನೋಂದಣಿ ಕಚೇರಿಯಲ್ಲಿ ಆಯಿತು. ನನ್ನ ಅಣ್ಣನ ಮನೆಯವರು ಬರಲಿಲ್ಲ. ಬರುವುದಿಲ್ಲವೆಂದುಕೊಂಡಿದ್ದ ಒಬ್ಬರು ಬಂದರು: ನನ್ನ ಸತ್ತ ಅಳಿಯನ ತಾಯಿ. ಆಕೆ ತನ್ನ ಸೊಸೆಗೆ ತಾನೇ ಉಡಿ ತುಂಬಿದಳು. ಕೈ ನಡುಗುತ್ತಿದ್ದವು, ಅಕ್ಕಿಯು ನೆಲದ ಮೇಲೆ ಚೆಲ್ಲಿತು. ಆ ಮುದುಕಿಯ ಧೈರ್ಯದ ಮುಂದೆ ನನ್ನ ಕೋಶ, ಸ್ಮೃತಿ, ವ್ಯಾಖ್ಯಾನಗಳು ಏನೂ ಅಲ್ಲವೆಂದು ನಾನು ತಿಳಿದೆನು.

ಎಲ್ಲವೂ ಸುಖವಾಗಿ ಕೊನೆಗೊಂಡಿತೆಂದು ಬರೆದರೆ ಸುಳ್ಳಾದೀತು. ಮೊಮ್ಮಗನು ಆ ಮನೆಯ ಯಜಮಾನನನ್ನು ಇನ್ನೂ 'ಸರ್' ಎಂದೇ ಕರೆಯುತ್ತಾನೆ. ಶಾಲೆಯ ದಾಖಲೆಯಲ್ಲಿ ಅವನ ತಂದೆಯ ಹೆಸರು ಹಿಂದಿನದೇ ಇದೆ. ಪೋಷಕರ ಸಹಿಯ ಜಾಗದಲ್ಲಿ ಮಾತ್ರ ಹೊಸ ಹೆಸರು. ಹುಡುಗಿಯು ಮೊದಲ ವರ್ಷ ನನ್ನ ಮಗಳ ಕೈಯ ಜಡೆ ಹಾಕಿಸಿಕೊಳ್ಳಲಿಲ್ಲ. ಈಗ ಹಾಕಿಸಿಕೊಳ್ಳುತ್ತಾಳೆ, ಆದರೆ ಬಿಗಿಯಾಯಿತೆಂದು ಜಗಳವಾಡುತ್ತಾಳೆ. ಜಗಳವಾಡುವುದು ಒಳ್ಳೆಯ ಲಕ್ಷಣವೆಂದು ನನ್ನ ಮನೆಯವರ ಅಭಿಪ್ರಾಯ. ನನ್ನ ತಾಯಿಯೂ ಅಣ್ಣನೂ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಜಗಳವಾಡಲಿಲ್ಲ.

ಹೋದ ಯುಗಾದಿಗೆ ನಾನು ಲಿಂಗಸುಗೂರಿಗೆ ಹೋಗಿದ್ದೆನು. ಮಗಳು ಹೊಸ ಸೀರೆಯನ್ನು ಉಡುವುದಕ್ಕೆ ಮೊದಲು ಗೋಡೆಯ ಫೋಟೋಕ್ಕೆ ಕುಂಕುಮವಿಟ್ಟಳು. ನನ್ನ ಎದೆ ಜಗ್ಗೆಂದಿತು. "ಇದನ್ನು ನಿನಗೆ ಯಾರು ಕಲಿಸಿದರು? ನಿನ್ನ ಅಜ್ಜಿಯ ಹಾಗೆ ನೀನೂ ಹೊರಬೇಕೇನು?" ಎಂದೆನು. ಆಕೆ ನಕ್ಕು ಒಳಕೋಣೆಯನ್ನು ತೋರಿಸಿದಳು. ಅಲ್ಲಿ ಮೇಜಿನ ಮೇಲೆ, ನನ್ನ ಮೊದಲ ಅಳಿಯನ ಫೋಟೋ ಇದ್ದಿತು. ಅದರ ಮುಂದೆ ಬೇವು ಬೆಲ್ಲವನ್ನಿಟ್ಟು ಕೈಮುಗಿಯುತ್ತಿದ್ದವನು ಎರಡನೆಯ ಅಳಿಯ.

ಗುರುಗಳು ಹೇಳಿದ ಎಣಿಕೆ ನನಗೆ ಅಂದು ಸರಿಯಾಗಿ ತಿಳಿಯಿತು. ಸಿಂಧನೂರಿಗೆ ಬಂದು ಕೋಶವನ್ನು ತೆರೆದು, 'ದ್ವಿತೀಯಾ' ಎಂಬುದರ ಎದುರಿಗೆ, ಅಂಚಿನಲ್ಲಿ, ನನ್ನ ತಾಯಿಯ ಹೆಸರನ್ನು ಬರೆದೆನು. ಆಕೆಯ ಹೆಸರನ್ನು ನಾನು ಎಲ್ಲಿಯಾದರೂ ಬರೆದುದು ಅದೇ ಮೊದಲು.